ದಾದರಿನಿಂದ ನಡೆದವರು

ಸುಮಿತ್ರಾಳ ಬಲಗಾಲಿಗೆ ತನ್ನದೇ ಒಂದು ಜೀವವಿತ್ತು. ಅವಳು ಎಲ್ಲಿ ಕೂತರೂ ಅದು ಕುಣಿಯುತ್ತಿತ್ತು. ಊಟಕ್ಕೆ ಕೂತಾಗ ಕುಣಿಯುತ್ತಿತ್ತು, ಟೈಪ್‌ರೈಟರಿನ ಮುಂದೆ ಕೂತಾಗ ಕುಣಿಯುತ್ತಿತ್ತು, ರಾಮನವಮಿಯ ಹರಿಕಥೆಯಲ್ಲಿ ಸೀತಾಪಹರಣದ ಹೊತ್ತಿಗೂ ಸೀರೆಯ ನೆರಿಗೆಯೊಳಗೆ ಕದ್ದು ಕುಣಿಯುತ್ತಿತ್ತು. "ಕಾಲು ಕುಣಿಸಬೇಡ್ವೇ, ಮನೆಗೆ ದರಿದ್ರ" ಎಂದು ತಾಯಿ ಅಲಮೇಲು ಹೇಳಿ ಹೇಳಿ ಸೋತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಅವರ ಕೊನೆಯ ತೀರ್ಪು.

ಆ ಭಾನುವಾರ ಬೆಳಿಗ್ಗೆ ಬೊರಿವಲಿಯ ಶಾಮಣ್ಣನವರ ಮನೆಯಲ್ಲಿ ಅದೇ ಕಾಲು ಮತ್ತೆ ಸಿಕ್ಕಿಬಿತ್ತು.

"ನಿಲ್ಸು," ಎಂದರು ಶಾಮಣ್ಣ. "ಇಂಟರ್‌ವ್ಯೂನಲ್ಲಿ ಹೀಗೆ ಕಾಲು ಕುಣಿಸಿದ್ರೆ ಕೆಲಸ ವಿರಾರ್ ಲೋಕಲ್ ಹತ್ಕೊಂಡು ಹೋಗ್ಬಿಡತ್ತೆ ಕಣಮ್ಮ. ಕೂತ್ರೆ ಕಲ್ಲು ಕೂತ ಹಾಗೆ ಕೂತಿರ್ಬೇಕು. ಮತ್ತೆ ಹೇಳು. ವಾಟ್ ಈಸ್ ಯುವರ್ ವೀಕ್ನೆಸ್?"

"ಕೆಲಸಕ್ಕೆ ಕೂತರೆ ಅದು ಮುಗಿಯುವವರೆಗೂ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ, ಸರ್. ಅದೇ ನನ್ನ ದೌರ್ಬಲ್ಯ," ಎಂದು ಸುಮಿತ್ರಾ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಒಪ್ಪಿಸುವಷ್ಟರಲ್ಲಿ ಕಾಲು ಮತ್ತೆ ಶುರುವಾಗಿತ್ತು.

ಶಾಮಣ್ಣನವರು ಫೋರ್ಟ್ ಏರಿಯಾದ ಒಂದು ಕಂಪನಿಯಲ್ಲಿ ಹೆಡ್‌ಕ್ಲರ್ಕ್ ಆಗಿದ್ದು ನಿವೃತ್ತರಾದವರು. ಸುಮಿತ್ರಾಳ ತಂದೆ ಕೇಶವಮೂರ್ತಿಗೆ ಮೈಸೂರಿನ ಕಾಲದ ಗೆಳೆಯರು, ಹಾಗಾಗಿ ಅವಳಿಗೆ ಮಾಮ. ಇಡೀ ಸರ್ವಿಸ್ಸನ್ನು ಒಂದೇ ಕುರ್ಚಿಯಲ್ಲಿ ಕೂತು ಕಳೆದೆ ಎಂಬುದು ಅವರ ದೊಡ್ಡ ಹೆಮ್ಮೆ. ನಿವೃತ್ತಿಯ ದಿನ ಆಫೀಸಿನವರು ಶಾಲು ಹೊದಿಸಿ, ನೆನಪಿಗೆ ಏನು ಕೊಡೋಣ ಎಂದು ಕೇಳಿದರಂತೆ. ಬೇರೆಯವರು ಗೋಡೆ ಗಡಿಯಾರ ಕೇಳುವ ಜಾಗದಲ್ಲಿ ಇವರು ಆ ಕುರ್ಚಿಯನ್ನೇ ಕೇಳಿ, ಟೆಂಪೋದಲ್ಲಿ ಹಾಕಿಸಿಕೊಂಡು ಮನೆಗೆ ತಂದರು. ಬೆತ್ತದ ಬೆನ್ನಿನ, ಕೈಗಳಿರುವ ಕುರ್ಚಿ. ಅದು ಅವರ ಪುಟ್ಟ ಹಾಲಿನ ಅರ್ಧ ಜಾಗ ನುಂಗಿತ್ತು. ಭಾನುವಾರ ಬರುವ ಹುಡುಗ ಹುಡುಗಿಯರನ್ನು ಅದರ ಮೇಲೆ ಕೂರಿಸಿ, ತಾವು ಎದುರಿನ ಮಂಚದಲ್ಲಿ ಕೂತು, ಒಬ್ಬರೇ ಮೂರು ಜನ ಸಾಹೇಬರಾಗಿ ಪ್ರಶ್ನೆ ಕೇಳುತ್ತಿದ್ದರು. ನಿಜವಾದ ಇಂಟರ್‌ವ್ಯೂನ ಹಾಗೆ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಉಳಿದವರು ಹೊರಗೆ ಮೆಟ್ಟಿಲ ಮೇಲೆ ಕಾಯಬೇಕು. ಫೀಸು ಗೀಸು ಏನೂ ಇಲ್ಲ. ಕೆಲಸ ಸಿಕ್ಕಿದವರು ಪೇಡೆ ತಂದುಕೊಡಬೇಕು, ಅಷ್ಟೆ.

ಅವರ ಹತ್ತಿರ ಎಲ್ಲ ಪ್ರಶ್ನೆಗೂ ಉತ್ತರ ಸಿದ್ಧವಿತ್ತು. ನಮ್ಮ ಕಂಪನಿಗೇ ಯಾಕೆ ಬರಬೇಕೆಂದಿದ್ದೀರಿ? ಈ ಕಂಪನಿಯ ಹೆಸರನ್ನು ಚಿಕ್ಕಂದಿನಿಂದ ಕೇಳುತ್ತಾ ಬೆಳೆದಿದ್ದೇನೆ, ಸರ್. ಇನ್ನು ಐದು ವರ್ಷಕ್ಕೆ ಎಲ್ಲಿರುತ್ತೀರಿ? ಇದೇ ಕುರ್ಚಿಯಲ್ಲಿ, ಇನ್ನೂ ಹೆಚ್ಚಿನ ಜವಾಬ್ದಾರಿ ಹೊತ್ತು. ಶಿಷ್ಯರಲ್ಲಿ ಯಾರಾದರೂ ತಾವಾಗಿಯೇ ಒಂದು ಒಳ್ಳೆಯ ಮಾತು ಹೇಳಿದರೆ ಶಾಮಣ್ಣ ಕಣ್ಣು ಮುಚ್ಚಿ, ಅದನ್ನು ಮೂರು ಸಲ ತಮ್ಮ ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು, ಆಚಮನ ಮಾಡುವವರ ಹಾಗೆ. ಮೂರು ಸಲ ಹೇಳಿದರೆ ಮುಗಿಯಿತು, ಅದು ಅವರ ಬಾಯಲ್ಲಿ ಕಾಯಂ ಆಗಿ ಉಳಿಯುತ್ತಿತ್ತು.

ಸುಮಿತ್ರಾಳಿಗೆ ಈ ಕೆಲಸ ಬೇಕೇ ಬೇಕಾಗಿತ್ತು. ಏಪ್ರಿಲ್ ಕೊನೆಗೆ ಕೇಶವಮೂರ್ತಿಗೆ ನಿವೃತ್ತಿ. ಕ್ವಾರ್ಟರ್ಸ್ ಬಿಡಬೇಕು. ಮೈಸೂರಿನಲ್ಲಿ ಮನೆ ಕಟ್ಟಿ ಮುಗಿದಿತ್ತು, ಗೃಹಪ್ರವೇಶವೂ ಆಗಿತ್ತು. "ನೋಡಮ್ಮ," ಎಂದಿದ್ದರು ಅವರು, "ಪರ್ಮನೆಂಟ್ ಕೆಲಸ ಸಿಕ್ರೆ ಬಾಂದ್ರಾದಲ್ಲಿ ಸರಸ್ವತಿ ಚಿಕ್ಕಮ್ಮನ ಮನೇಲಿದ್ಕೊಂಡು ಹೋಗಿ ಬಂದು ಮಾಡು. ನಾನು ಬೇಡ ಅನ್ನಲ್ಲ. ಈ ಲೀವ್ ವೇಕನ್ಸಿ ಪಾವ್ ವೇಕನ್ಸಿ ಎಲ್ಲ ನೆಚ್ಕೊಂಡು ಒಬ್ಬಳನ್ನೇ ಬಿಟ್ಟು ಹೋಗಕ್ಕಾಗಲ್ಲ. ಸಿಗಲಿಲ್ವಾ, ನಮ್ ಜೊತೆ ನಡಿ."

ಅಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಮೈಸೂರು ಕೆಟ್ಟ ಊರೂ ಅಲ್ಲ. ಆದರೆ ಬೇಸಿಗೆ ರಜೆಗೆ ಹೋದಾಗಲೆಲ್ಲ ಅವಳಿಗೆ ಉಸಿರು ಕಟ್ಟುತ್ತಿತ್ತು. ಅಲ್ಲಿಯ ಜನ ರಸ್ತೆಯಲ್ಲಿ ನಡೆಯುವ ನಿಧಾನ ನೋಡಿದರೇ ಹಿಂದಿನಿಂದ ತಳ್ಳಬೇಕೆನಿಸುತ್ತಿತ್ತು. ಅವಳು ಹುಟ್ಟಿ ಬೆಳೆದದ್ದು ಲೋಕಲ್ ನಿಲ್ಲುವ ಮೊದಲೇ ಜನ ಇಳಿಯುವ ಈ ಊರಿನಲ್ಲಿ. ಮೂರು ಕಡೆ ಬೇರೆಯವರ ಬಾಣಂತನದ ರಜೆಯಲ್ಲಿ ಕೆಲಸ ಮಾಡಿ, ಅವರು ಕೂಸು ಹೆತ್ತು ವಾಪಸು ಬಂದಾಗ ಶುಭಾಶಯ ಹೇಳಿ ಎದ್ದು ಬಂದಿದ್ದಳು. ಈಗ ಫೋರ್ಟಿನ ಒಂದು ಶಿಪ್ಪಿಂಗ್ ಕಂಪನಿ ಅಸಿಸ್ಟೆಂಟ್ ಬೇಕೆಂದು ಜಾಹೀರಾತು ಹಾಕಿತ್ತು. ಹುದ್ದೆ ಒಂದೇ. ಏಪ್ರಿಲ್ ಒಳಗೆ ಬೇರೆ ಯಾವ ಕರೆಯೂ ಬರುವ ಹಾಗಿರಲಿಲ್ಲ.

ಅದೇ ಕಂಪನಿಯಿಂದ ಶಾಮಣ್ಣನ ಇನ್ನಿಬ್ಬರು ಶಿಷ್ಯರಿಗೂ ಕರೆ ಬಂದಿತ್ತು. ಒಬ್ಬ ಶೇಖರ, ಎರಡು ವರ್ಷದಿಂದ ಇಂಟರ್‌ವ್ಯೂಗಳಿಗೆ ಒಂದೇ ಟೈ ಕಟ್ಟುತ್ತಿದ್ದವನು. ಇನ್ನೊಬ್ಬಳು ವಿನೋದಿನಿ. ಮಂಗಳೂರು ಕಡೆಯ ಹುಡುಗಿ. ಅವಳ ತಂದೆ ಮೋನಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ವಿನೋದಿನಿಯೂ ಸುಮಿತ್ರಾಳೂ ಬೊರಿವಲಿಯಿಂದ ಚರ್ಚ್‌ಗೇಟಿನವರೆಗೆ ಲೇಡೀಸ್ ಡಬ್ಬಿಯಲ್ಲಿ ಒಟ್ಟಿಗೆ ಓಡಾಡಿ ಗೆಳತಿಯರಾದವರು. ಒಬ್ಬಳಿಗೆ ಸೀಟು ಸಿಕ್ಕಿದರೆ ಅಂಧೇರಿಯವರೆಗೆ ಅವಳು, ಅಲ್ಲಿಂದ ಇವಳು. ಸುಮಿತ್ರಾಳ ಸರದಿಯೂ ಹೆಚ್ಚುಕಡಿಮೆ ವಿನೋದಿನಿಗೇ ಹೋಗುತ್ತಿತ್ತು, ಏಕೆಂದರೆ ಇವಳಿಗೆ ಕೂರಲು ಆಗುತ್ತಿರಲಿಲ್ಲ.

"ನಿದರ್ಶನ," ಎಂದರು ಶಾಮಣ್ಣ. "ಬರೀ ಗುಣ ಹೇಳಿದ್ರೆ ಈಗ ಯಾರೂ ಕೇಳಲ್ಲ. ಕೆಲಸದ ಮೇಲೆ ನಿಮಗೆ ಎಷ್ಟು ನಿಷ್ಠೆ ಅನ್ನೋದಕ್ಕೆ ಒಂದು ನಿದರ್ಶನ ಕೊಡಿ. ಹ್ಞೂಂ."

ಇದೊಂದು ಉತ್ತರ ಮಾತ್ರ ಶಾಮಣ್ಣನದಲ್ಲ, ಸುಮಿತ್ರಾಳದೇ. ಕಳೆದ ಜುಲೈಯಲ್ಲಿ ಒಂದು ದಿನ ಮಳೆ ಹುಚ್ಚು ಹಿಡಿದ ಹಾಗೆ ಸುರಿದು, ಅವಳ ಲೋಕಲ್ ದಾದರ್ ದಾಟಿದ್ದೇ ತಡ ನಿಂತುಬಿಟ್ಟಿತ್ತು. ಆಗ ಅವಳಿದ್ದ ಆಫೀಸಿನ ಕಾಗದಪತ್ರದ ಸ್ಟೀಲ್ ಬೀರುವಿನ ಕೀಲಿಕೈ ಅವಳ ಪರ್ಸಿನಲ್ಲಿತ್ತು. ಅವಳು ಗಾಡಿಯಿಂದ ಧುಮುಕಿ, ಮೊಣಕಾಲು ನೀರಿನಲ್ಲಿ ಹಳಿಯ ಗುಂಟ ನಡೆದು ಫೋರ್ಟ್ ತಲುಪಿದ್ದಳು. ತಿಂಗಳ ಹಿಂದೆ ಇದನ್ನು ಹೇಳಿದಾಗ ಶಾಮಣ್ಣ ಮಂಚದಿಂದ ಎದ್ದೇ ನಿಂತಿದ್ದರು. "ಅಬ್ಬಬ್ಬಾ! ಇಂಥದ್ದನ್ನ ಇಟ್ಕೊಂಡು ಸುಮ್ನೆ ಇದ್ಯಲ್ಲಮ್ಮ!" ಎಂದು ಮೂರು ಸಲ ಹೇಳಿಕೊಂಡು, ಆಮೇಲೆ ಅದಕ್ಕೆ ತಮ್ಮ ಕೈಯಿಂದ ಒಗ್ಗರಣೆ ಹಾಕಿದ್ದರು. ಆ ಬೀರುವಿನಲ್ಲಿ ಹಡಗಿನ ಕಾಗದಗಳಿದ್ದವು, ಹಡಗು ಹೊರಡುವುದರಲ್ಲಿತ್ತು, ಮ್ಯಾನೇಜರ್ ಬಾಗಿಲಲ್ಲಿ ಕಾದು ನಿಂತಿದ್ದರು. ಸುಮಿತ್ರಾ ಬೇಡ ಎನ್ನಲಿಲ್ಲ. ಆಫೀಸು ತಲುಪಿದ ಮೇಲೆ ನಿಜವಾಗಿ ಏನಾಯಿತೆಂದು ಅವರು ಕೇಳಲೂ ಇಲ್ಲ.

"ಬುಧವಾರ ನಿನ್ನದೇ ದಿನ," ಎಂದು ಶಾಮಣ್ಣ ಆಶೀರ್ವಾದ ಮಾಡಿದರು. "ಕಾಲೊಂದು ಹಿಡಿತದಲ್ಲಿಟ್ಕೋ."

ಬುಧವಾರ ಬೆಳಿಗ್ಗೆ ಕಂಪನಿಯ ಮೂರನೇ ಮಹಡಿಯ ವರಾಂಡದಲ್ಲಿ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ಸುಮಿತ್ರಾ ಕೂತಳು, ಎದ್ದಳು, ನೀರು ಕುಡಿದಳು, ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ ಎಷ್ಟು ದೂರವಿದೆ ಎಂದು ನೋಡಿದಳು, ಕಿಟಕಿಯಿಂದ ಬಗ್ಗಿ ಕೆಳಗಿನ ಟ್ಯಾಕ್ಸಿಗಳನ್ನು ನೋಡಿದಳು, ಮತ್ತೆ ಕೂತಳು. "ಬೈಠೋ ನಾ ಮೇಡಮ್, ಸಿರ್ ದುಖ್‌ತಾ ಹೈ," ಎಂದ ಪ್ಯೂನ್, ಅವಳ ಓಡಾಟ ನೋಡಿಯೇ ತಲೆನೋವು ಬಂದವನ ಹಾಗೆ. ಪಕ್ಕದಲ್ಲಿ ವಿನೋದಿನಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಯಾವ ಉತ್ತರ ಬಾಯಿಪಾಠ ಮಾಡುತ್ತಿದ್ದೀ ಎಂದು ಸುಮಿತ್ರಾ ಕೇಳಿದರೆ, "ಎಂತದೂ ಇಲ್ಲ ಮಾರಾಯ್ತಿ, ದೇವರನ್ನು ನೆನೆಸುದು," ಎಂದು ಬೇರೆ ಕಡೆ ತಿರುಗಿದಳು.

ಶೇಖರ ಮೊದಲು ಹೋದ. ಬೆವರು ಒರೆಸಿಕೊಂಡು, ಹೆಬ್ಬೆರಳು ಎತ್ತಿ ತೋರಿಸುತ್ತಾ ಬಂದ. ಆಮೇಲೆ ಯಾರೋ ನಾಲ್ಕು ಜನ. ಆಮೇಲೆ ವಿನೋದಿನಿ. ಅವಳು ಒಳಗಿದ್ದಾಗ ಬಾಗಿಲಿನ ಆಚೆಯಿಂದ ನಗು ಕೇಳಿಸಿತು. ಒಬ್ಬರದಲ್ಲ, ಇಡೀ ಮೇಜಿನದು. ಹೊರಗೆ ಬಂದವಳ ಮುಖ ಕೆಂಪಾಗಿತ್ತು. ಸುಮಿತ್ರಾಳ ಮುಖ ನೋಡದೆ, "ಅಪ್ಪನ ಹೋಟೆಲಲ್ಲಿ ಇರ್ತೇನೆ, ಬಾ," ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ಒಳಗೆ ಮೂವರಿದ್ದರು. ನಡುವೆ ಬೋಳುತಲೆಯ ಸಾಹೇಬ, ಎಡಕ್ಕೆ ಏನು ಹೇಳಿದರೂ ಬರೆದುಕೊಳ್ಳುವ ಒಬ್ಬ ತರುಣ, ಬಲಕ್ಕೆ ಪೆಪ್ಪರ್‌ಮಿಂಟ್ ಚೀಪುತ್ತಿದ್ದ ಒಬ್ಬ ವಯಸ್ಸಾದ ಪಾರ್ಸಿ ಹೆಂಗಸು. ಮಾತೆಲ್ಲ ಇಂಗ್ಲಿಷಿನಲ್ಲಿ. ಸುಮಿತ್ರಾ ಎರಡೂ ಪಾದ ಒಂದರ ಮೇಲೊಂದು ಇಟ್ಟು, ಬಲಗಾಲನ್ನು ಎಡಗಾಲಿನಿಂದ ತುಳಿದು ಹಿಡಿದಳು. ಹೆಸರು, ಓದು, ಟೈಪಿಂಗ್ ಸ್ಪೀಡು ಸಲೀಸಾಗಿ ಮುಗಿದವು.

"ನಿಮ್ಮ ದೌರ್ಬಲ್ಯ?" ಎಂದ ಬೋಳುತಲೆ.

"ಕೆಲಸಕ್ಕೆ ಕೂತರೆ ಅದು ಮುಗಿಯುವವರೆಗೂ ಕುರ್ಚಿ ಬಿಟ್ಟು..."

"ಏಳುವುದಿಲ್ಲ," ಎಂದು ತರುಣ ಮುಗಿಸಿದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಮಿತ್ರಾಳಿಗೆ ಎಲ್ಲೋ ಏನೋ ತಪ್ಪಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ.

"ಕೆಲಸದ ಬಗ್ಗೆ ನಿಷ್ಠೆ ತೋರಿಸಿದ ಒಂದು ಸಂದರ್ಭ ಹೇಳಿ," ಎಂದಳು ಪಾರ್ಸಿ ಹೆಂಗಸು. ಆಕೆಯ ತುಟಿಯ ತುದಿಯಲ್ಲಿ ಆಗಲೇ ನಗುವಿತ್ತು.

ಸುಮಿತ್ರಾಳಿಗೆ ಧೈರ್ಯ ಬಂತು. ಇದು ತನ್ನದು. "ಕಳೆದ ಜುಲೈಯಲ್ಲಿ ಒಂದು ದಿನ ಭಾರಿ ಮಳೆಯಾಗಿ ನಮ್ಮ ಲೋಕಲ್..."

"ದಾದರ್ ದಾಟಿ ನಿಂತಿತು," ಎಂದಳು ಆಕೆ. "ಬೀರುವಿನ ಕೀಲಿಕೈ ನಿಮ್ಮ ಹತ್ತಿರವಿತ್ತು. ಹಡಗು ಹೊರಡುವುದರಲ್ಲಿತ್ತು. ಮ್ಯಾನೇಜರ್ ಬಾಗಿಲಲ್ಲಿ ಕಾಯುತ್ತಿದ್ದರು. ಸರಿ ತಾನೇ?"

ಬೋಳುತಲೆ ಗಹಗಹಿಸಿದ. "ಇವತ್ತು ಬೆಳಿಗ್ಗೆಯಿಂದ ದಾದರಿನಿಂದ ನಡೆದು ಬಂದವರಲ್ಲಿ ನೀವು ಮೂರನೆಯವರು, ಮಿಸ್. ಆ ಬೀರುವಿಗೆ ಕೀಲಿಕೈ ಎಷ್ಟಿದ್ದವು?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸುಮಿತ್ರಾಳಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ, ಮರುಕ್ಷಣ ಎಲ್ಲ ಅರ್ಥವಾಯಿತು. ಮಂಚದ ಮೇಲೆ ಕಣ್ಣು ಮುಚ್ಚಿ ಮೂರು ಸಲ ಹೇಳಿಕೊಂಡ ಮಾಮ. ಬೆಂಚಿನ ಮೇಲೆ ಅಲ್ಲಾಡುತ್ತಿದ್ದ ವಿನೋದಿನಿಯ ತುಟಿ. ಶೇಖರನ ಹೆಬ್ಬೆರಳು. ನೀರಿನಲ್ಲಿ ನಡೆದದ್ದು ತನ್ನ ಕಾಲು, ಚಪ್ಪಲಿ ತೇಲಿಹೋದದ್ದು ತನ್ನದು, ಆಮೇಲೆ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದು ತಾನು. ಈಗ ತನ್ನ ಮನೆಗೆ ತಾನೇ ಕನ್ನ ಹಾಕಿ ಸಿಕ್ಕಿಬಿದ್ದವಳ ಹಾಗೆ ಇಲ್ಲಿ ಕೂತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ.

ಅದು ನನ್ನದು, ಅವರಿಬ್ಬರು ಕದ್ದದ್ದು. ಈ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ತಾನು ಉಳಿಯಬಹುದು. ಹೇಳಲು ಬಾಯಿ ತೆರೆದಾಗ, ಏನು ಕಾರಣವೋ, ಗಲ್ಲಾದ ಮೇಲೆ ಪ್ರತಿ ನೋಟನ್ನೂ ಕಣ್ಣಿನ ಹತ್ತಿರ ಹಿಡಿದು ನೋಡುವ ಮೋನಪ್ಪನವರ ನೆನಪಾಯಿತು. ಆ ಕಣ್ಣು ಪೂರ್ತಿ ಹೋಗುವ ಮೊದಲು ಮಗಳಿಗೊಂದು ಕೆಲಸವಾಗಲಿ ಎಂದು ಅವರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಸುಮಿತ್ರಾ ಮಾತು ನುಂಗಿದಳು. ನುಂಗಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಎಡಗಾಲು ಸಡಿಲವಾಗಿ, ಬಲಗಾಲು ಬಿಡಿಸಿಕೊಂಡು ಮೇಜಿನ ಕೆಳಗೆ ಹುಚ್ಚಾಪಟ್ಟೆ ಕುಣಿಯತೊಡಗಿತು.

"ಆ ದಿನ ನೂರಾರು ಜನ ನಡೆದರು, ಸರ್," ಎಂದಳು. "ಅವರೂ ನಡೆದಿರಬಹುದು. ನಾನು ಹಿಂದೆ ತಿರುಗಿ ನೋಡಲಿಲ್ಲ. ಆದರೆ ನಾನು ಕೀಲಿಕೈಗೋಸ್ಕರ ನಡೆದೆ ಅನ್ನುವುದು ಸುಳ್ಳು."

ಬರೆಯುತ್ತಿದ್ದ ತರುಣ ಪೆನ್ನು ಎತ್ತಿದ.

"ಮತ್ತೆ ಯಾತಕ್ಕೆ ನಡೆದಿರಿ?" ಎಂದಳು ಪಾರ್ಸಿ ಹೆಂಗಸು.

"ಕೂತಿರಲು ಆಗಲಿಲ್ಲ, ಮೇಡಮ್." ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ಚಿಕ್ಕದಾಗಿತ್ತೇ ಅದು? "ಗಾಡಿ ನಿಂತಿತು. ಎಲ್ಲರೂ ಆರಾಮವಾಗಿ ಕೂತರು. ಒಬ್ಬಳು ಮೆಂತ್ಯದ ಸೊಪ್ಪು ಬಿಡಿಸತೊಡಗಿದಳು. ಒಬ್ಬಳು ಭಜನೆ ಶುರು ಮಾಡಿದಳು. ಅರ್ಧ ಗಂಟೆಯಲ್ಲಿ ನನಗೆ ಹುಚ್ಚು ಹಿಡಿಯುವ ಹಾಗಾಯಿತು. ಒಬ್ಬ ಮೀನು ಮಾರುವ ಹೆಂಗಸು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಇಳಿದಳು. ಅವಳ ಕೈ ಹಿಡಿದು ನಾನೂ ಇಳಿದೆ. ಕೀಲಿಕೈ ಪರ್ಸಿನಲ್ಲಿದೆ ಎಂದು ನೆನಪಾದದ್ದು ಮಹಾಲಕ್ಷ್ಮಿ ದಾಟಿದ ಮೇಲೆ."

"ಮ್ಯಾನೇಜರ್?"

"ಯಾವ ಮ್ಯಾನೇಜರೂ ಇರಲಿಲ್ಲ. ಆಫೀಸಿಗೆ ಬೀಗ. ವಾಚ್‌ಮನ್ ನನ್ನನ್ನು ನೋಡಿ, ಇವತ್ತು ರಜೆ, ಹುಚ್ಚು ಹಿಡಿದಿದೆಯಾ, ಮನೆಗೆ ಹೋಗಿ ಅಂದ. ಚಹಾ ಕೊಟ್ಟ. ಲೋಕಲ್ ಶುರುವಾಗುವ ತನಕ ಇಲ್ಲೇ ಮೆಟ್ಟಿಲ ಮೇಲೆ ಕೂತಿರಿ ಅಂದ."

"ಕೂತಿರಾ?"

"ಚಹಾ ಮುಗಿಯುವವರೆಗೆ."

ಪಾರ್ಸಿ ಹೆಂಗಸು ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ, ಸ್ವಲ್ಪ ಬಗ್ಗಿ ಮೇಜಿನ ಕೆಳಗೆ ನೋಡಿದಳು. "ಈ ಮೇಜು ಬಹಳ ಹೊತ್ತಿನಿಂದ ಅಲ್ಲಾಡುತ್ತಿದೆ," ಎಂದಳು.

"ಹೌದು ಮೇಡಮ್. ಅದೇ ನನ್ನ ನಿಜವಾದ ದೌರ್ಬಲ್ಯ. ಕುರ್ಚಿಯದು ಬಾಯಿಪಾಠ."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಬೋಳುತಲೆ ಕಾಗದ ತಿರುವಿ ಹಾಕಿ, ಹಡಗು ನಿಲ್ಲುವ ಡಾಕಿಗೆ ಎಂದಾದರೂ ಹೋಗಿದ್ದೀರಾ ಎಂದು ಕೇಳಿದ. ಇಲ್ಲ. ಕಸ್ಟಮ್ಸ್ ಹೌಸಿಗೆ? ಹಿಂದಿನ ಕೆಲಸದಲ್ಲಿ ಹತ್ತಾರು ಸಲ. ಬಿಸಿಲಿನಲ್ಲಿ? ಮಳೆಯಲ್ಲಿ? "ಮಳೆಗಾಲಕ್ಕೆ ಗಟ್ಟಿ ಚಪ್ಪಲಿ ಬೇಕಾಗುತ್ತದೆ," ಎಂದಳು ಸುಮಿತ್ರಾ, ಮತ್ತೇನು ಹೇಳುವುದೆಂದು ತಿಳಿಯದೆ. ಇನ್ನು ನೀವು ಹೋಗಬಹುದು ಎಂದರು.

ಮೋನಪ್ಪನವರ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ವಿನೋದಿನಿ ಎರಡು ಕಾಫಿ ತರಿಸಿಕೊಂಡು ಕಾಯುತ್ತಿದ್ದಳು. ಒಂದರ ಮೇಲೆ ಕೆನೆ ಕಟ್ಟಿತ್ತು. ಸುಮಿತ್ರಾ ಕೂರಲಿಲ್ಲ.

"ನೀನೂ ಅದೇ ಹೇಳಿದ್ಯಾ?" ಎಂದಳು ವಿನೋದಿನಿ ಮೆಲ್ಲಗೆ.

"ನಾನೂ ಅಂದ್ರೇನು? ನಾನು ನಡೆದಿದ್ದು ಕಣೇ! ಟ್ರೈನಲ್ಲಿ ನಿನಗೆ ಹೇಳಿದ್ನಲ್ಲ, ವಾಚ್‌ಮನ್ ಬೈದಿದ್ದು, ಚಹಾ ಕೊಟ್ಟಿದ್ದು, ಎಲ್ಲ! ನೀನು ನಕ್ಕೂ ನಕ್ಕೂ ಕೆಮ್ಮಿದ್ಯಲ್ಲ!"

"ಗೊತ್ತುಂಟು." ವಿನೋದಿನಿಯ ಕಣ್ಣು ತುಂಬಿತು. "ಶಾಮಣ್ಣ ಸರ್ ಹೇಳಿಕೊಟ್ಟದ್ದು. ಯಾರದ್ದು ಅಂತ ಅವರು ಹೇಳ್ಲಿಲ್ಲ, ನನಗೆ ಗೊತ್ತಾಯ್ತು. ಇದು ಬೇಡ ಸರ್, ಬೇರೆ ಕೊಡಿ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ನನ್ನ ಹತ್ರ ನನ್ನದು ಅಂತ ಎಂತ ಉಂಟು ಹೇಳು? ಮನೆಯಿಂದ ಸ್ಟೇಷನ್, ಸ್ಟೇಷನಿಂದ ಮನೆ. ಅಲ್ಲಿ ಹೇಳುವಾಗ ಒಂದು ಗಳಿಗೆ ನಾನೇ ನಡೆದ ಹಾಗೆ ಆಯ್ತು ಮಾರಾಯ್ತಿ. ಅಷ್ಟರಲ್ಲಿ ಅವರು ನಗ್ಲಿಕ್ಕೆ ಶುರು ಮಾಡಿದ್ರು."

ಸುಮಿತ್ರಾಳಿಗೆ ಅವಳನ್ನು ಬೈಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಆಗದೆ, ಕೆನೆ ಕಟ್ಟಿದ ಕಾಫಿಯನ್ನು ನಿಂತೇ ಕುಡಿದು ಹೊರಬಿದ್ದಳು. ಗಲ್ಲಾದಿಂದ ಮೋನಪ್ಪನವರು, "ಹೇಗಾಯ್ತು ಮಗಾ?" ಎಂದು ಕೇಳಿದ್ದಕ್ಕೆ, "ಇಬ್ಬರದೂ ಒಂದೇ ಥರ ಆಯ್ತು," ಎಂದಳು. ಅವರು ಸಂತೋಷಪಟ್ಟರು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೆಂದು ಕೇಳಬಾರದು. ಮನೆಯಲ್ಲಿ ಅಲಮೇಲು ಒಂದೊಂದೇ ಪಾತ್ರೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ಡಬ್ಬಿಗಳು ಕಪಾಟಿನಿಂದ ಇಳಿದಂತೆಲ್ಲ ಸುಮಿತ್ರಾ ಖಾಲಿಯಾದ ಗೂಡುಗಳನ್ನು ಎಣಿಸುತ್ತಿದ್ದಳು. ಅವಳು ಕೆಲಸವಿಲ್ಲದಿದ್ದರೂ ಸ್ಟೇಷನ್ನಿಗೆ ಹೋಗಿ ಬರುತ್ತಿದ್ದಳು, ಪೋಸ್ಟ್‌ಮನ್ ಬರುವ ಹೊತ್ತಿಗೆ ಬಿಲ್ಡಿಂಗಿನ ಗೇಟಿನಲ್ಲಿ ಶತಪಥ ತಿರುಗುತ್ತಿದ್ದಳು. ಹೀಗೆ ತಿರುಗುತ್ತಾ ತಿರುಗುತ್ತಾ ಶಾಮಣ್ಣನವರಿಗೆ ಹೇಳಬೇಕಾದ ಮಾತುಗಳನ್ನು ಮಸೆದು ಇಟ್ಟುಕೊಳ್ಳುತ್ತಿದ್ದಳು. ಯಾರನ್ನು ಕೇಳಿ ಕೊಟ್ರಿ? ನಿಮ್ಮ ಅಪ್ಪನ ಮನೆ ಗಂಟಾ? ಒಂದಕ್ಕಿಂತ ಒಂದು ಚೂಪಾದ ಮಾತು. ಅವರೇ ಕಲಿಸಿದ ಹಾಗೆ, ಅವರು ಏನು ಹೇಳಿದರೆ ತಾನೇನು ಹೇಳಬೇಕೆಂದು ಮೊದಲೇ ಸಿದ್ಧವಾಗಿತ್ತು.

ಕೆಲಸ ಅವಳಿಗೇ ಸಿಕ್ಕಿತು. ಪತ್ರದಲ್ಲಿ ಬರೆದಿತ್ತು: ಡಾಕ್ಸ್ ಅಂಡ್ ಕಸ್ಟಮ್ಸ್ ವಿಭಾಗದಲ್ಲಿ ಅಸಿಸ್ಟೆಂಟ್, ಹೊರಗೆ ಓಡಾಡುವ ಕೆಲಸ. ಕಾಗದ ಹಿಡಿದುಕೊಂಡು ಡಾಕಿಗೆ, ಅಲ್ಲಿಂದ ಕಸ್ಟಮ್ಸ್ ಹೌಸಿಗೆ, ಅಲ್ಲಿಂದ ಆಫೀಸಿಗೆ, ಮತ್ತೆ ಡಾಕಿಗೆ. ಕೂತರೆ ಏಳುವುದಿಲ್ಲ ಎಂದು ಎದೆ ತಟ್ಟಿ ಹೇಳಿದ ಶಾಮಣ್ಣನ ಶಿಷ್ಯರ ಮುಂದೆ ಆ ಮೂವರು ಯಾಕೆ ಹಾಗೆ ಮುಖ ಮುಖ ನೋಡಿಕೊಂಡರೆಂದು ಆಗ ಅವಳಿಗೆ ಹೊಳೆಯಿತು. ಕೇಶವಮೂರ್ತಿ ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಸರಸ್ವತಿಗೆ ಹೇಳಿ ಕಳಿಸ್ತೀನಿ," ಎಂದರು. ಅವರ ದನಿ ಸ್ವಲ್ಪ ಇಳಿದಿತ್ತು. ಅಲಮೇಲು ಪೆಟ್ಟಿಗೆಯಿಂದ ಒಂದು ಕಾಫಿ ಫಿಲ್ಟರನ್ನು ತೆಗೆದು ಹೊರಗಿಟ್ಟರು. ವಿನೋದಿನಿಯ ಹೆಸರು ವೇಟಿಂಗ್ ಲಿಸ್ಟಿನಲ್ಲಿತ್ತು. ಮರುದಿನ ಲೋಕಲ್‌ನಲ್ಲಿ ಅವಳು ಕಿಟಕಿ ಸೀಟು ಹಿಡಿದು, "ನೀನು ಹೇಗೂ ಕೂರುದಿಲ್ಲ, ಆದ್ರೂ ನಿನಗೇ," ಎಂದು ಎದ್ದು ನಿಂತಳು. ಸುಮಿತ್ರಾ ಅಂಧೇರಿಯವರೆಗೂ ಹಟ ಹಿಡಿದು ಕೂತಳು.

ಭಾನುವಾರ ಪೇಡೆ ಹಿಡಿದು ಶಾಮಣ್ಣನವರ ಮನೆಗೆ ಹೋದಾಗ ಅವರು ತಮ್ಮ ಕುರ್ಚಿಯಲ್ಲೇ ಕೂತಿದ್ದರು. "ಬಂದ್ಯಾ ಮಗು! ಕೇಳ್ದೆ, ಕೇಳ್ದೆ. ಕುರ್ಚಿ ಉತ್ತರ ಹೇಳ್ದೆ ತಾನೆ? ನಂಗೊತ್ತಿತ್ತು, ಅದು ಹುಸಿ ಹೋಗಲ್ಲ."

ಸುಮಿತ್ರಾ ಪೇಡೆಯ ಡಬ್ಬಿಯನ್ನು ಕೆಳಗಿಡಲೂ ಇಲ್ಲ. "ಮಾಮ, ನಾನು ನಡೆದಿದ್ದನ್ನ ನೀವು ಎಲ್ಲರಿಗೂ ಯಾಕೆ ಕೊಟ್ರಿ?"

ಶಾಮಣ್ಣನವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಚೆನ್ನಾಗಿತ್ತಲ್ಲಮ್ಮ. ಒಳ್ಳೇ ಉತ್ತರ ಅಂದ್ರೆ ಹೆಪ್ಪು ಇದ್ದ ಹಾಗೆ. ಒಂದು ಮನೇಲಿದ್ರೆ ಇಡೀ ಬಿಲ್ಡಿಂಗ್‌ಗೆ ಮೊಸರು. ಕೊಟ್ರೆ ನಿಂದೇನು ಕಮ್ಮಿ ಆಗತ್ತೆ?"

"ಕಮ್ಮಿ ಆಯ್ತು ಮಾಮ. ಕುರ್ಚಿದೂ ಅಷ್ಟೆ, ನಡೆದಿದ್ದೂ ಅಷ್ಟೆ, ಅಲ್ಲಿ ನಾನು ಬಾಯಿ ಬಿಡೋ ಮೊದ್ಲೇ ಅವರೇ ಹೇಳಿ ಮುಗಿಸಿದ್ರು. ನಿಜವಾಗಿ ನಡೆದವಳು ನಾನು, ಸುಳ್ಳಿ ಆಗಿ ಕೂತಿದ್ದೂ ನಾನು. ವಿನೋದಿನಿನ ನೋಡಿ ಎಲ್ಲ ನಕ್ಕರು. ಪಾಪ, ಅವಳು ಅತ್ತಳು. ನೀವು ಯಾರನ್ನ ಕೇಳಿ ಕೊಟ್ರಿ?" ಮಸೆದಿಟ್ಟ ಮಾತುಗಳಲ್ಲಿ ಇನ್ನೂ ಅರ್ಧ ಉಳಿದಿದ್ದವು. ಆದರೆ ಶಾಮಣ್ಣನವರ ಮುಖ ನೋಡಿ ಅವು ಅಲ್ಲೇ ನಿಂತವು.

ಅವರು ಕುರ್ಚಿಯ ಕೈಯನ್ನು ಸವರತೊಡಗಿದರು.

"ನಾನೂ ಒಂದ್ಸಲ ಇಂಟರ್‌ವ್ಯೂಗೆ ಹೋಗಿದ್ದೆ ಕಣಮ್ಮ. ಆಫೀಸರ್ ಪ್ರಮೋಷನ್‌ಗೆ. ಯಾರಿಗೂ ಹೇಳಿಲ್ಲ ಇದನ್ನ. ಎಲ್ಲಾ ಪ್ರಶ್ನೆಗೂ ಟಕಾಟಕ್ ಅಂತ ಹೇಳ್ದೆ. ಕೊನೇಲಿ ಸಾಹೇಬ ಕೇಳ್ದ, ಇಷ್ಟು ವರ್ಷದಲ್ಲಿ ನೀನಾಗಿ ನೀನು ಮಾಡಿದ್ದು ಒಂದು ಹೇಳು ಅಂತ. ಒಂದೇ ಒಂದು." ಅವರು ಕುರ್ಚಿಯ ಕೈಯ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿದರು. "ಇರ್ಲಿಲ್ಲ. ಹುಡುಕ್ದೆ ಹುಡುಕ್ದೆ, ಒಂದೂ ಇರ್ಲಿಲ್ಲ. ಕೂತಿದ್ದೆ ಸಾರ್ ಅಂತ ಹೇಳಕ್ಕಾಗತ್ತಾ? ಅವತ್ತಿಂದ ಯಾರ ಬಾಯಲ್ಲಾದ್ರೂ ಅಂಥದ್ದು ಬಂದ್ರೆ ಬಿಡಕ್ಕೆ ಮನಸ್ಸಾಗಲ್ಲ. ಇನ್ಯಾರಿಗೂ ಹಾಗಾಗ್ಬಾರ್ದು ಅಂತ ಎತ್ತಿಟ್ಕೊಂಡು ಹಂಚ್ತೀನಿ."

ಸುಮಿತ್ರಾಳ ಸಿಟ್ಟು ಇಳಿಯಿತು ಎಂದರೆ ಸುಳ್ಳಾದೀತು. ಸಿಟ್ಟು ಇತ್ತು. ಅದರ ಪಕ್ಕದಲ್ಲಿ, ಲೋಕಲ್‌ನಲ್ಲಿ ಮೂವರ ಸೀಟಿಗೆ ಬಂದು ಸೇರುವ ನಾಲ್ಕನೆಯವರ ಹಾಗೆ, ಇನ್ನೊಂದೇನೋ ಇಕ್ಕಟ್ಟಿನಲ್ಲಿ ಬಂದು ಕೂತಿತು. ಅವಳು ಡಬ್ಬಿ ಬಿಚ್ಚಿ ಅವರ ಮುಂದೆ ಹಿಡಿದಳು.

ಶಾಮಣ್ಣ ಒಂದು ಪೇಡೆ ತೆಗೆದುಕೊಂಡರು, ತಿನ್ನಲಿಲ್ಲ. "ಕುರ್ಚಿದೂ ಅಲ್ಲ, ನಡೆದಿದ್ದೂ ಅಲ್ಲ. ಮತ್ತೆ ಏನು ಹೇಳಿ ಗೆದ್ದೆ?"

ಅವಳು ಹೇಳಿದಳು. ಮೆಂತ್ಯದ ಸೊಪ್ಪು, ಭಜನೆ, ಮೀನು ಮಾರುವವಳ ಕೈ, ಬೀಗ, ವಾಚ್‌ಮನ್, ಚಹಾ, ಎಲ್ಲ. "ಯಾತಕ್ಕೆ ನಡೆದೆ ಅಂತ ಕೇಳಿದ್ರು. ಕೂತಿರಕ್ಕೆ ಆಗ್ಲಿಲ್ಲ ಅಂದೆ. ಅಷ್ಟೇ ಮಾಮ."

ಶಾಮಣ್ಣನವರ ಕಣ್ಣು ತಾನಾಗಿಯೇ ಮುಚ್ಚಿತು. ತುಟಿ ಅಲ್ಲಾಡಿತು. "ಕೂತಿರಕ್ಕೆ ಆಗ್ಲಿಲ್ಲ," ಎಂದರು. ಸ್ವಲ್ಪ ತಡೆದು ಮತ್ತೊಮ್ಮೆ, ಇನ್ನೂ ಮೆಲ್ಲಗೆ, "ಕೂತಿರಕ್ಕೆ ಆಗ್ಲಿಲ್ಲ."

ಅಷ್ಟಕ್ಕೆ ಕಣ್ಣು ತೆರೆದು ಅವಳನ್ನು ನೋಡಿದರು. ನೋಡಿ, ಕೈಯಲ್ಲಿದ್ದ ಪೇಡೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡುಬಿಟ್ಟರು. ಬಾಯಿ ತುಂಬಿ ಮಾತು ಹೊರಡದ ಹಾಗಾಗಿ, ಇದು ನಿನ್ನ ಹತ್ತಿರವೇ ಇರಲಿ ಎಂದು ಕೈಯಲ್ಲೇ ಸನ್ನೆ ಮಾಡಿದರು.